ಬ್ಯಾಟರಿ ಬದಲಿಸಿದಿರಾ? ಕಾರಿನ ನ್ಯಾವಿಗೇಷನ್ ಈಗ ಗುಟ್ಟಿನ ಅಂಕಿ ಕೇಳುತ್ತದೆ!

ಕಂಬಂ : ಬೆಳಗ್ಗೆ ಬೇಗ ಕುಮಳಿ ಕಡೆಗೆ ಹೊರಡಬೇಕು. ನೋಡಿದರೆ ಕಾರಿನ ಬ್ಯಾಟರಿ ಸತ್ತಿದೆ. ಪಕ್ಕದ ಬೀದಿಯ ಎಲೆಕ್ಟ್ರಿಷಿಯನ್ ಬಂದು ಹೊಸ ಬ್ಯಾಟರಿ ಕೂರಿಸುತ್ತಾನೆ. ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಆದರೆ ಡ್ಯಾಶ್‌ಬೋರ್ಡಿನ ಪರದೆಯಲ್ಲಿ ನಕ್ಷೆಯೂ ಇಲ್ಲ, ಹಾಡೂ ಇಲ್ಲ. ‘ಎಂಟರ್ ಕೋಡ್’ ಎಂಬ ಎರಡೇ ಪದ!

ಗಾಬರಿ ಬೇಡ. ಸೆಟ್ ಕೆಟ್ಟಿಲ್ಲ, ಎಲೆಕ್ಟ್ರಿಷಿಯನ್ ತಪ್ಪೂ ಮಾಡಿಲ್ಲ. ಕಾರು ತಯಾರಾದ ಕಾರ್ಖಾನೆಯಲ್ಲೇ ಕೂರಿಸಿದ ನ್ಯಾವಿಗೇಷನ್ ಅಥವಾ ಆಡಿಯೋ ಸೆಟ್ ತನಗೆ ಹೇಳಿಕೊಟ್ಟ ಕೆಲಸವನ್ನೇ ಮಾಡುತ್ತಿದೆ. ಅದರ ಪಾಲಿಗೆ ಈಗ ಕಾರಿನಲ್ಲಿ ಕೂತಿರುವ ನೀವು ಮಾಲೀಕರೂ ಇರಬಹುದು, ಕಳ್ಳರೂ ಇರಬಹುದು.

ಯಾಕೆ ಹೀಗೆ?

1980 ಮತ್ತು 90ರ ದಶಕಗಳಲ್ಲಿ ಕಾರಿನ ಗಾಜು ಒಡೆದು ಸ್ಟೀರಿಯೋ ಕಿತ್ತುಕೊಂಡು ಹೋಗುವುದು ಜಗತ್ತಿನ ಅನೇಕ ನಗರಗಳಲ್ಲಿ ದೊಡ್ಡ ಪಿಡುಗಾಗಿತ್ತು. ಕದ್ದ ಸೆಟ್ ಬೇರೆ ಕಾರಿನಲ್ಲಿ ಹಾಡದಂತೆ ಮಾಡಿದರೆ ಕದಿಯುವವನಿಗೆ ಲಾಭವೇನು? ಈ ಯೋಚನೆಯಿಂದ ಹುಟ್ಟಿದ್ದೇ ಕೋಡ್.

ಇದರ ಕೆಲಸ ಸರಳ. ಸೆಟ್ಟಿಗೆ ಕರೆಂಟು ಎರಡು ದಾರಿಯಿಂದ ಬರುತ್ತದೆ. ಒಂದು ತಂತಿಯಲ್ಲಿ ಕೀ ತಿರುಗಿಸಿದಾಗ ಮಾತ್ರ ಕರೆಂಟು ಬರುತ್ತದೆ. ಇನ್ನೊಂದರಲ್ಲಿ ಬ್ಯಾಟರಿಯ 12 ವೋಲ್ಟ್ ಹಗಲೂ ರಾತ್ರಿ ಇರುತ್ತದೆ. ಗಡಿಯಾರ, ಸ್ಟೇಷನ್‌ಗಳ ನೆನಪು ಉಳಿಯುವುದು ಅದರಿಂದಲೇ. ಈ ಎರಡನೇ ತಂತಿಯ ಕರೆಂಟು ಕಡಿದರೆ ‘ನನ್ನನ್ನು ಯಾರೋ ಕಿತ್ತಿದ್ದಾರೆ’ ಎಂದು ಸೆಟ್ ಭಾವಿಸುತ್ತದೆ. ಬ್ಯಾಟರಿ ಬದಲಿಸಿದರೂ, ಪೂರ್ತಿ ಇಳಿದುಹೋದರೂ, ಸಂಬಂಧಪಟ್ಟ ಫ್ಯೂಸ್ ತೆಗೆದರೂ ಅದಕ್ಕೆ ಎಲ್ಲ ಒಂದೇ. ಕೋಡ್ ಮಾತ್ರ ಕರೆಂಟು ಹೋದರೂ ಅಳಿಯದ ಚಿಪ್‌ನಲ್ಲಿ ಭದ್ರವಾಗಿರುತ್ತದೆ. ಹಾಗಾಗಿ ಬ್ಯಾಟರಿ ತಂತಿ ಮತ್ತೆ ಮತ್ತೆ ಬಿಚ್ಚಿ ಹಾಕಿದರೆ ಲಾಕ್ ಬಿಡುವುದಿಲ್ಲ.

ಅಂಕಿ ಎಲ್ಲಿದೆ?

ಮೊದಲು ಗ್ಲೋವ್ ಬಾಕ್ಸ್ ಖಾಲಿ ಮಾಡಿ. ಕೆಲವು ಕಾರುಗಳಲ್ಲಿ ಅದರ ಒಳಬದಿಯಲ್ಲೇ ಪುಟ್ಟ ಸ್ಟಿಕ್ಕರ್ ಇರುತ್ತದೆ. ಕಾರು ಕೊಂಡ ದಿನ ಕೊಟ್ಟ ಪುಸ್ತಕದ ಚೀಲದಲ್ಲಿ ವಿಸಿಟಿಂಗ್ ಕಾರ್ಡಿನಷ್ಟು ದೊಡ್ಡ ರೇಡಿಯೋ ಕಾರ್ಡ್ ಇರಬಹುದು. ಮಾಲೀಕರ ಕೈಪಿಡಿಯ ಕೊನೆಯ ಪುಟಗಳನ್ನೂ ತಿರುವಿ ಹಾಕಿ, ಯಾರಾದರೂ ಪೆನ್ನಿನಲ್ಲಿ ಬರೆದಿಟ್ಟಿರಬಹುದು. ಒಂದು ವಿಷಯ ನೆನಪಿರಲಿ: ಕೆಲವು ಹಳೆಯ ಹೋಂಡಾ ಕಾರುಗಳಲ್ಲಿ ನ್ಯಾವಿಗೇಷನ್‌ಗೆ 4 ಅಂಕಿ, ಆಡಿಯೋಗೆ 5 ಅಂಕಿ, ಹೀಗೆ ಎರಡು ಬೇರೆ ಬೇರೆ ಕೋಡ್ ಇರುತ್ತವೆ. ಒಂದನ್ನು ಇನ್ನೊಂದರ ಜಾಗದಲ್ಲಿ ಒತ್ತಿದರೆ ಏನೂ ಆಗದು.

ತೀರಾ ಹಳೆಯದಲ್ಲದ ಹೋಂಡಾಗಳಲ್ಲಿ ಇನ್ನೊಂದು ಉಪಾಯವಿದೆ. ಕೀ ಆನ್ ಮಾಡಿ ಆಡಿಯೋದ ಪವರ್ ಬಟನ್ ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಒತ್ತಿ ಹಿಡಿಯಿರಿ. ಸೆಟ್ ಕಾರಿನ ಕಂಪ್ಯೂಟರ್ ಜತೆ ಮಾತಾಡಿ, ಇದು ತನ್ನದೇ ಕಾರು ಎಂದು ಗುರುತಿಸಿದರೆ ಕೋಡ್ ಕೇಳದೆ ತೆರೆದುಕೊಳ್ಳುತ್ತದೆ. ಇತ್ತೀಚಿನ ಹಲವು ಕಂಪನಿಗಳ ಕಾರುಗಳಲ್ಲಿ ಈ ಗುರುತು ಪತ್ತೆ ತಾನಾಗಿಯೇ ನಡೆದುಹೋಗುತ್ತದೆ, ಮಾಲೀಕರಿಗೆ ಗೊತ್ತೂ ಆಗುವುದಿಲ್ಲ.

ಕಾರ್ಡ್ ಕಳೆದಿದ್ದರೆ?

ಆಗ ಬೇಕಾಗುವುದು ಸೆಟ್ಟಿನ ಸೀರಿಯಲ್ ನಂಬರ್. ಕೋಡ್ ಜೋಡಿಸಿರುವುದು ಸೆಟ್ಟಿಗೆ. ಕಾರಿನ ನೋಂದಣಿ ಸಂಖ್ಯೆಗೂ ಅದಕ್ಕೂ ಸಂಬಂಧವಿಲ್ಲ. ಹಲವು ಹೋಂಡಾ ಸೆಟ್‌ಗಳಲ್ಲಿ ಆಡಿಯೋ ಆಫ್ ಇರುವಾಗ 1 ಮತ್ತು 6ನೇ ಬಟನ್ ಒಟ್ಟಿಗೆ ಒತ್ತಿ ಹಿಡಿದು ಪವರ್ ಆನ್ ಮಾಡಿದರೆ ಸೀರಿಯಲ್ ನಂಬರ್ ಪರದೆಯ ಮೇಲೆ ಬರುತ್ತದೆ. ಫೋರ್ಡ್‌ನ ಹಲವು ಸೆಟ್‌ಗಳಲ್ಲೂ 1 ಮತ್ತು 6 ಒತ್ತಿ ಹಿಡಿದರೆ ‘ವಿ’ ಅಥವಾ ‘ಎಂ’ ಅಕ್ಷರದಿಂದ ಶುರುವಾಗುವ ಸಂಖ್ಯೆ ಕಾಣುತ್ತದೆ. ಪರದೆಯಲ್ಲಿ ಬಾರದಿದ್ದರೆ ಸೆಟ್ ಹೊರಗೆಳೆದು ಅದರ ಮೈಮೇಲಿನ ಲೇಬಲ್ ನೋಡಬೇಕು. ಇದನ್ನು ಮೆಕ್ಯಾನಿಕ್‌ಗೆ ಬಿಡುವುದೇ ವಾಸಿ; ಅವಸರದಲ್ಲಿ ಪ್ಲಾಸ್ಟಿಕ್ ಚೌಕಟ್ಟು ಮುರಿದರೆ ಅದೊಂದು ಹೊಸ ಖರ್ಚು.

ಈ ನಂಬರ್, ಆರ್‌ಸಿ ಪುಸ್ತಕ, ನಿಮ್ಮ ಗುರುತಿನ ಚೀಟಿ ಹಿಡಿದು ಆಯಾ ಕಂಪನಿಯ ಅಧಿಕೃತ ವರ್ಕ್‌ಶಾಪ್‌ಗೆ ಹೋಗಿ. ಕಂಬಂ, ಉತ್ತಮಪಾಳಯಂ ಕಡೆಯವರು ತೇನಿಗೋ ದಿಂಡುಗಲ್‌ಗೋ, ಕೆಲವು ಕಂಪನಿಗಳಿಗಾದರೆ ಮದುರೈಗೋ ಹೋಗಬೇಕಾದೀತು. ಹೊರಡುವ ಮೊದಲು ಫೋನ್ ಮಾಡಿ ಯಾವ ಕಾಗದ ಬೇಕೆಂದು ಕೇಳಿಕೊಳ್ಳಿ. ಒಂದು ಅಂಕಿ ಮರೆತು ಎರಡು ಸಲ ಅಲೆದಾಡುವುದು ತಪ್ಪುತ್ತದೆ.

ಊಹೆ ಮಾತ್ರ ಬೇಡ

ನಾಲ್ಕು ಅಂಕಿ ಎಂದರೆ 0000ದಿಂದ 9999ರವರೆಗೆ ಹತ್ತು ಸಾವಿರ ಸಾಧ್ಯತೆ. ಮಕ್ಕಳ ಕೈಗೆ ಕೊಟ್ಟು ‘ಒತ್ತಿ ನೋಡು’ ಎನ್ನುವವರಿದ್ದಾರೆ. ಆದರೆ ಸೆಟ್ ಲೆಕ್ಕ ಇಡುತ್ತದೆ! ಫೋಕ್ಸ್‌ವ್ಯಾಗನ್, ಸ್ಕೋಡಾದ ಹಲವು ಹಳೆಯ ಸೆಟ್‌ಗಳಲ್ಲಿ ಎರಡು ಸಲ ತಪ್ಪಿದರೆ ಪರದೆಯಲ್ಲಿ ‘ಸೇಫ್’ ಎಂದು ಬಂದು ಸುಮಾರು ಒಂದು ಗಂಟೆ ಏನನ್ನೂ ಕೇಳಿಸಿಕೊಳ್ಳುವುದಿಲ್ಲ. ಆ ಒಂದು ಗಂಟೆಯೂ ಸೆಟ್ ಆನ್ ಇರಬೇಕು, ಆಫ್ ಮಾಡಿದರೆ ಕಾಯುವ ಲೆಕ್ಕ ಮುಂದೆ ಹೋಗುವುದಿಲ್ಲ. ಹೋಂಡಾದ ಅನೇಕ ಸೆಟ್‌ಗಳಲ್ಲಿ ಹತ್ತು ಸಲದವರೆಗೆ ಅವಕಾಶ, ಆಮೇಲೆ ಅಲ್ಲೂ ಒಂದು ಗಂಟೆ ಕಾಯಬೇಕು.

ಚಿಪ್ ಬಿಚ್ಚಿ ಓದಿ ಕೋಡ್ ತೆಗೆದುಕೊಡುವ ಅಂಗಡಿಗಳೂ ಇವೆ. ಕೈ ಪಳಗಿದವರು ಮಾಡಿದರೆ ಆದೀತು, ಬೆಸುಗೆ ತಪ್ಪಿದರೆ ಸೆಟ್ಟೇ ಹೋಯಿತು. ವರ್ಕ್‌ಶಾಪಿನ ಬಾಗಿಲು ತಟ್ಟಿದ ನಂತರವೇ ಆ ದಾರಿ.

ಹಳೆಯ ಕಾರು ಕೊಳ್ಳುವವರೇ, ಜೋಕೆ

ಈ ತೊಂದರೆ ಹೆಚ್ಚು ಕಾಡುವುದು ಸೆಕೆಂಡ್ ಹ್ಯಾಂಡ್ ಕಾರು ಕೊಂಡವರನ್ನು. ಬೆಂಗಳೂರಿನ ನೆಂಟರಿಂದಲೋ ಕೇರಳದ ದಲ್ಲಾಳಿಯಿಂದಲೋ ಕಾರು ಬರುತ್ತದೆ. ಟೈರು ಒದ್ದು ನೋಡುತ್ತೇವೆ, ಎಸಿ ಹಾಕಿ ನೋಡುತ್ತೇವೆ, ರೇಡಿಯೋ ಕಾರ್ಡ್ ಎಲ್ಲಿ ಎಂದು ಕೇಳುವವರು ಕಡಿಮೆ. ಎರಡು ವರ್ಷದ ನಂತರ ಬ್ಯಾಟರಿ ಹೋದಾಗ ಮೊದಲ ಮಾಲೀಕ ಎಲ್ಲಿದ್ದಾನೋ!

ಇನ್ನೊಂದು ಗಂಟೂ ಇದೆ. ವರ್ಕ್‌ಶಾಪಿನವರು ಕೋಡ್ ಕೊಡುವ ಮೊದಲು ಕಾರು ನಿಮ್ಮದೇ ಎಂಬುದಕ್ಕೆ ದಾಖಲೆ ಕೇಳುವುದು ಸಹಜ. ಕೊಂಡವರು 29 ಮತ್ತು 30ನೇ ನಮೂನೆ ಸಲ್ಲಿಸಿ ಆರ್‌ಸಿ ತಮ್ಮ ಹೆಸರಿಗೆ ಮಾಡಿಸಿಕೊಳ್ಳದೇ ಬಿಟ್ಟಿದ್ದರೆ ಇಲ್ಲಿ ಸಿಕ್ಕಿಬೀಳುತ್ತಾರೆ. ಬೇರೆ ರಾಜ್ಯದ ಕಾರು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲೇ ಉಳಿದರೆ ಹೊಸ ನೋಂದಣಿ ಸಂಖ್ಯೆ ಪಡೆಯಬೇಕೆಂದು ಮೋಟಾರು ವಾಹನ ಕಾಯ್ದೆಯೂ ಹೇಳುತ್ತದೆ. ಮೊದಲೇ ಮಾಡಿಸಿದ್ದರೆ ಎರಡೂ ಕೆಲಸಕ್ಕೆ ಒಂದೇ ಕಾಗದ ಸಾಕು.

ಕಾರು ಕಂಪನಿಗಳೂ ಶಾಶ್ವತವಲ್ಲ. ಷೆವರ್ಲೆ 2017ರ ಕೊನೆಗೆ ಭಾರತದಲ್ಲಿ ಮಾರಾಟ ನಿಲ್ಲಿಸಿತು. ಫೋರ್ಡ್ 2021ರಲ್ಲಿ ಇಲ್ಲಿನ ಕಾರು ತಯಾರಿಕೆಗೆ ವಿದಾಯ ಹೇಳಿತು. ಅಂಥ ಕಾರು ಮನೆಯಲ್ಲಿದ್ದರೆ ಕೋಡ್ ಹುಡುಕಿ ಬರೆದಿಡುವ ಕೆಲಸ ಇವತ್ತೇ ಆಗಲಿ.

ಕೋಡ್ ಕೂತ ಮೇಲೆ

ಸರಿಯಾದ ಅಂಕಿ ಒತ್ತಿದ ಕೂಡಲೇ ನಕ್ಷೆ ಬರುತ್ತದೆ, ಆದರೆ ನಿಮ್ಮ ಕಾರು ಎಲ್ಲಿದೆ ಎಂದು ಅದಕ್ಕೆ ಇನ್ನೂ ಗೊತ್ತಿರುವುದಿಲ್ಲ. ಆಕಾಶದ ಜಿಪಿಎಸ್ ಉಪಗ್ರಹಗಳು ತಮ್ಮ ಸಂಪೂರ್ಣ ಪಟ್ಟಿಯನ್ನು ಒಮ್ಮೆ ಕಳಿಸಿ ಮುಗಿಸಲು ಹನ್ನೆರಡೂವರೆ ನಿಮಿಷ ಬೇಕು. ನೆನಪು ಕಳೆದುಕೊಂಡ ಹಳೆಯ ಸೆಟ್ ಅದಕ್ಕಾಗಿ ಕಾಯುತ್ತದೆ. ಶೆಡ್ಡಿನಿಂದ, ತೆಂಗಿನ ತೋಪಿನಿಂದ ಕಾರನ್ನು ಬಯಲಿಗೆ ತಂದು ನಿಲ್ಲಿಸಿ. ಗಡಿಯಾರ, ಸ್ಟೇಷನ್‌ಗಳು, ಕೆಲವು ಕಾರುಗಳಲ್ಲಿ ತಾನೇ ಏರಿಳಿಯುವ ಗಾಜನ್ನೂ ಮತ್ತೆ ಹೊಂದಿಸಬೇಕಾಗುತ್ತದೆ.

ಮೊಬೈಲ್ ಇರುವಾಗ ಇದೆಲ್ಲ ಯಾಕೆ ಎನ್ನಬಹುದು. ಬೋಡಿಮೆಟ್ಟು, ಕುಮಳಿ, ಕೊಡೈಕೆನಾಲ್ ಘಾಟಿಯ ತಿರುವುಗಳಲ್ಲಿ ಟವರ್ ಕೈಕೊಟ್ಟಾಗ ಉತ್ತರ ತಾನೇ ಸಿಗುತ್ತದೆ. ಕಾರಿನ ನಕ್ಷೆ ಕಾರಿನಲ್ಲೇ ಇರುತ್ತದೆ, ಅದಕ್ಕೆ ಟವರ್ ಬೇಡ. ಮಂಜಿನ ರಾತ್ರಿಯಲ್ಲಿ ಮುಂದಿನ ತಿರುವು ಯಾವ ಕಡೆಗೆ ಎಂದು ತಿಳಿಯುವುದು ಸಣ್ಣ ವಿಷಯವಲ್ಲ.

ಮುಂದಿನ ಸಲಕ್ಕೆ

ಕಾರಿನ ಬ್ಯಾಟರಿ ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಬಾಳುತ್ತದೆ. ಚಾರ್ಜ್ ತುಂಬಿದ ಬ್ಯಾಟರಿ ಸುಮ್ಮನಿರುವಾಗ ಸುಮಾರು 12.6 ವೋಲ್ಟ್ ತೋರಿಸಬೇಕು. ಬೆಳಗ್ಗೆ ಸ್ಟಾರ್ಟರ್ ಎಳೆದಾಡುತ್ತಿದ್ದರೆ ಅದು ಮುನ್ಸೂಚನೆ. ಬ್ಯಾಟರಿ ಬದಲಿಸುವಾಗ ಮೊದಲು ಕೋಡ್ ಕೈಯಲ್ಲಿದೆಯೇ ನೋಡಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ಕೆಲವು ವರ್ಕ್‌ಶಾಪ್‌ಗಳಲ್ಲಿ ಬದಲಿಸುವ ಹೊತ್ತಿಗೆ ಇನ್ನೊಂದು ಪುಟ್ಟ ಬ್ಯಾಟರಿಯಿಂದ ಕರೆಂಟು ಕೊಟ್ಟು ಸೆಟ್ಟಿನ ನೆನಪು ಉಳಿಸುತ್ತಾರೆ. ಕೇಳಿ ನೋಡಿ.

ಕೋಡ್ ಬರೆದ ಚೀಟಿ ಕಾರಿನಲ್ಲಿ ಬೇಡ, ಕಳ್ಳನಿಗೂ ಅದು ಸಿಗುತ್ತದೆ. ಮನೆಯಲ್ಲಿ ಆರ್‌ಸಿ, ವಿಮೆ ಕಾಗದಗಳ ನಕಲಿನ ಜತೆ ಇಡಿ. ಕಾರು ಮಾರುವ ದಿನ ಎರಡನೇ ಕೀಯಂತೆ ಅದನ್ನೂ ಕೊಂಡವರ ಕೈಗೆ ಕೊಡಿ.

ನಮ್ಮ ದಿಂಡುಗಲ್ ಬೀಗಕ್ಕೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿತು. ಆ ಬೀಗದ ಕೀ ಕಳೆದರೆ ಅರ ಹಿಡಿದು ಇನ್ನೊಂದು ಕೀ ಮಾಡಿಕೊಡುವ ಕೈಗಳು ಆ ಊರಿನಲ್ಲಿವೆ. ಕಾರಿನ ಈ ಬೀಗಕ್ಕೆ ಅರ ನಾಟುವುದಿಲ್ಲ. ಇದರ ಕೀ ಎಂದರೆ ನಾಲ್ಕೈದು ಅಂಕಿ ಬರೆದ ಒಂದು ಚೀಟಿ, ಅಷ್ಟೇ. ಇವತ್ತು ಸಂಜೆ ಗ್ಲೋವ್ ಬಾಕ್ಸ್ ಒಮ್ಮೆ ತೆರೆದು ನೋಡುತ್ತೀರಲ್ಲ?