ಒಂದೇ ರೊಟ್ಟಿಯ ಸಿಪಾಯಿಗಳು

ಈಸ್ಟ್ ಇಂಡಿಯಾ ಕಂಪನಿ, ನಾಟಕ ಕಂಪನಿ, ಗೆಳೆಯನಿಗೆ ಹೇಳುವ 'ಸ್ವಲ್ಪ ಕಂಪನಿ ಕೊಡು' – ಇವೆಲ್ಲಕ್ಕೂ ಸಂಗಾತಿ ಎಂಬರ್ಥದ 'ಕಂಪ್ಯಾನಿಯನ್'ಗೂ ಬೇರು ಒಂದೇ. ಲ್ಯಾಟಿನ್ನಿನಲ್ಲಿ 'ಕುಮ್' ಎಂದರೆ ಜೊತೆ, 'ಪಾನಿಸ್' ಎಂದರೆ ರೊಟ್ಟಿ. ಜೊತೆಯಲ್ಲಿ ರೊಟ್ಟಿ ತಿನ್ನುವವನು ಕಂಪ್ಯಾನಿಯನ್. ಫ್ರೆಂಚಿನ ಮೂಲಕ ಸುಮಾರು 1300ರ ಹೊತ್ತಿಗೆ ಇಂಗ್ಲಿಷಿಗೆ ಬಂತು. ಇಷ್ಟು ನಿಘಂಟಿನಲ್ಲೇ ಸಿಗುತ್ತದೆ.

ತೊಡಕಿರುವುದು ಅದಕ್ಕೂ ಹಿಂದೆ. ಸಿಸೆರೊ ಕಾಲದ ಲ್ಯಾಟಿನ್ನಿನಲ್ಲಿ ಈ ಪದವೇ ಇಲ್ಲ; ಸಂಗಾತಿಗೆ ರೋಮನ್ನರು 'ಸೋಕಿಯುಸ್', 'ಕೋಮೆಸ್' ಎನ್ನುತ್ತಿದ್ದರು. 'ಕಂಪಾನಿಯೊ' ಮೊದಲು ಕಾಣಿಸುವುದು ಫ್ರಾಂಕ್ ಜನರ 'ಲೆಕ್ಸ್ ಸಾಲಿಕಾ' ಎಂಬ ಕಾನೂನಿನಲ್ಲಿ, ಅದೂ ದಂಡಿನಲ್ಲಿದ್ದವನ ಕೊಲೆಯ ಮಾತು ಬರುವ ಕಡೆ. ಲ್ಯಾಟಿನ್ ತುಂಡುಗಳಿಂದಲೇ ಆದ ಪದ ಜರ್ಮನಿಕ್ ಜನರ ಕಟ್ಟಳೆಯಲ್ಲಿ ತಲೆ ಎತ್ತಿದ್ದು ಹೇಗೆ?

ಉತ್ತರ ಅಡಗಿದ್ದದ್ದು ನೇರಳೆ ಬಣ್ಣದ ಚರ್ಮದ ಹಾಳೆಗಳ ಮೇಲೆ, ಬೆಳ್ಳಿಯ ಅಕ್ಷರಗಳಲ್ಲಿ. ನಾಲ್ಕನೇ ಶತಮಾನದಲ್ಲಿ ಬಿಷಪ್ ವುಲ್ಫಿಲಾ ಬೈಬಲನ್ನು ಗೋಥಿಕ್ ಎಂಬ ಜರ್ಮನಿಕ್ ಭಾಷೆಗೆ ತಂದಿದ್ದ. ಅದರ ಆರನೇ ಶತಮಾನದ ಒಂದು ಪ್ರತಿ 16ನೇ ಶತಮಾನದ ನಡುವಿನಲ್ಲಿ ಜರ್ಮನಿಯ ವೆರ್ಡೆನ್ ಮಠದಲ್ಲಿ ವಿದ್ವಾಂಸರ ಕಣ್ಣಿಗೆ ಬಿತ್ತು. ಅಲ್ಲಿಂದ ಪ್ರಾಗ್ ಸೇರಿತು. 1648ರಲ್ಲಿ ಸ್ವೀಡನ್ನಿನ ಸೈನ್ಯ ಕೊಳ್ಳೆ ಹೊಡೆದು ಒಯ್ದಿತು. ಮುಂದೆ ಹಾಲೆಂಡ್ ಕಂಡಿತು. 1665ರಲ್ಲಿ ಫ್ರಾನ್ಸಿಸ್ಕಸ್ ಯೂನಿಯಸ್ ಅದನ್ನು ಮೊದಲ ಬಾರಿಗೆ ಅಚ್ಚಿಗೆ ತಂದ. 1669ರಿಂದ ಆ ಗ್ರಂಥ ಉಪ್ಸಾಲ ವಿಶ್ವವಿದ್ಯಾಲಯದಲ್ಲಿದೆ. ಕೊಳ್ಳೆಯಲ್ಲಿ ಕೈ ಬದಲಾದ ಈ ಹಾಳೆಗಳು ಹಾಳಾಗಿದ್ದರೆ ಒಂದು ಭಾಷೆಯ ದೊಡ್ಡ ಪಾಲೇ ಮಣ್ಣುಪಾಲಾಗುತ್ತಿತ್ತು.

ಯೋಹಾನನ ಸುವಾರ್ತೆಯಲ್ಲಿ, ಗುರುವಿನ ಜೊತೆ ಸಾಯಲೂ ಹೋಗೋಣ ಎಂದು ತೋಮ ಉಳಿದ ಶಿಷ್ಯರಿಗೆ ಹೇಳುವ ಸಂದರ್ಭವಿದೆ. 'ಸಹಶಿಷ್ಯರು' ಎಂಬ ಗ್ರೀಕ್ ಮಾತಿಗೆ ವುಲ್ಫಿಲಾ ಬಳಸಿದ ಪದ 'ಗಹ್ಲೈಬಾ'. 'ಗ' ಎಂದರೆ ಜೊತೆ, 'ಹ್ಲೈಫ್ಸ್' ಎಂದರೆ ರೊಟ್ಟಿ. ಲ್ಯಾಟಿನ್ ಪದದ ತದ್ರೂಪ ಕಟ್ಟಣೆ!

ಇಷ್ಟರಲ್ಲೇ ಮುಗಿದಿದ್ದರೆ ಇದನ್ನು ಊಟದ ಗೆಳೆತನವೆಂದು ಬಿಡಬಹುದಿತ್ತು. ಆದರೆ 1817ರಲ್ಲಿ ಮಿಲಾನಿನ ಆಂಬ್ರೋಸಿಯನ್ ಗ್ರಂಥಾಲಯದಲ್ಲಿ ವಿದ್ವಾಂಸ ಆಂಜೆಲೊ ಮಾಯಿ, ಹಳೆಯ ಬರಹ ಅಳಿಸಿ ಮೇಲೆ ಬೇರೇನೋ ಬರೆದಿದ್ದ ಚರ್ಮದ ಹಾಳೆಗಳ ಅಡಿಯಲ್ಲಿ ಪೌಲನ ಪತ್ರಗಳ ಗೋಥಿಕ್ ಅನುವಾದವನ್ನು ಗುರುತಿಸಿದ. ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಪೌಲ ಎಪಫ್ರೊದೀತನೆಂಬವನನ್ನು 'ಸಹಸೈನಿಕ' ಎಂದು ಕರೆಯುತ್ತಾನೆ. ಅಲ್ಲೂ ಅದೇ ಗಹ್ಲೈಬಾ!

ಹಾಗಾಗಿ ಈ ರೊಟ್ಟಿ ಔತಣದ್ದಲ್ಲ, ಪಾಳೆಯದ್ದು ಎಂಬುದು ನನಗೆ ಖಚಿತ. ವುಲ್ಫಿಲಾನದು ರೋಮಿನ ಸೈನ್ಯದಲ್ಲಿ ಜರ್ಮನಿಕ್ ಸಿಪಾಯಿಗಳು ಗುಂಪುಗುಂಪಾಗಿ ದುಡಿಯುತ್ತಿದ್ದ ಕಾಲ. ನಾಳೆ ಒಟ್ಟಿಗೆ ಸಾಯಬೇಕಾದವರು ಇವತ್ತು ಒಂದೇ ಪಡಿಯಲ್ಲಿ ಪಾಲು ಪಡೆಯುತ್ತಿದ್ದರು. ಅವರಾಡುತ್ತಿದ್ದ ಮಾತನ್ನೇ ತುಂಡುತುಂಡಾಗಿ ಲ್ಯಾಟಿನ್ನಿಗೆ ತಿರುಗಿಸಿದ್ದು 'ಕಂಪಾನಿಯೊ' ಎಂಬುದು ಹಲವು ಭಾಷಾ ವಿದ್ವಾಂಸರ ಅಭಿಪ್ರಾಯ. ಇಂಗ್ಲಿಷಿನ 'ಲೋಫ್' ಕೂಡ ಆ ಹ್ಲೈಫ್ಸ್‌ನ ದಾಯಾದಿಯೇ. ಜರ್ಮನಿಕ್ ಪಾಳೆಯದಲ್ಲಿ ಹುಟ್ಟಿದ ಕಲ್ಪನೆ ಲ್ಯಾಟಿನ್, ಫ್ರೆಂಚ್ ಸುತ್ತಿಕೊಂಡು, ಅದೇ ವಂಶದ ಇಂಗ್ಲಿಷಿಗೆ ಬಂದು ಸೇರಿತ್ತು.