ಅರ್ಕಾವತಿಯ ಕ್ಷೀಣತೆಯೂ ಅದರ ಕಾರಣಗಳೂ

ನಂದಿಬೆಟ್ಟದ ಪ್ರಾಂತದಲ್ಲಿ ಹುಟ್ಟಿ, ದೊಡ್ಡಬಳ್ಳಾಪುರ, ರಾಮನಗರ, ಕನಕಪುರಗಳ ಸೀಮೆಯನ್ನು ಹಾದು, ಸಂಗಮವೆಂಬಲ್ಲಿ ಕಾವೇರಿಯನ್ನು ಕೂಡುವ ಅರ್ಕಾವತಿಯು ಒಂದು ಕಾಲಕ್ಕೆ ಬೆಂಗಳೂರಿನ ದಾಹವನ್ನು ತಣಿಸಿದ ನದಿ. ೧೯ನೆಯ ಶತಮಾನದ ಕಡೆಯಲ್ಲಿ ಹೆಸರಘಟ್ಟದ ಕೆರೆಯೂ, ೧೯೩೩ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವೂ ಇದರ ನೀರನ್ನು ನಗರಕ್ಕೆ ಒದಗಿಸತೊಡಗಿದುವು. ೧೯೭೦ರ ದಶಕದ ತರುವಾಯ ಈ ಜಲಾಶಯದ ಒಳಹರಿವು ಕುಗ್ಗುತ್ತ ಬಂದು, ೨೦೧೨ರ ಹೊತ್ತಿಗೆ ಅಲ್ಲಿಂದ ನಗರಕ್ಕೆ ನೀರು ಬರುವುದು ನಿಂತುಹೋಯಿತು.

ಹೊಳೆ ಬತ್ತಿದರೆ ಮಳೆಯನ್ನು ದೂರುವುದು ಲೋಕರೂಢಿ. ಆದರೆ ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಮೊದಲಾದವರು ೨೦೧೫ರಲ್ಲಿ ಪ್ರಕಟಿಸಿದ ಅಧ್ಯಯನವು ಈ ನಂಬಿಕೆಯನ್ನು ಸಮರ್ಥಿಸುವುದಿಲ್ಲ. ಮಳೆಯ ವ್ಯತ್ಯಾಸವಾಗಲಿ ಉಷ್ಣತೆಯ ಏರಿಕೆಯಾಗಲಿ ಇಷ್ಟು ದೊಡ್ಡ ಕ್ಷಯಕ್ಕೆ ಮುಖ್ಯ ಕಾರಣವಾಗಿರಲಾರದೆಂದೂ, ಅಂತರ್ಜಲದ ಶೋಷಣೆಯೂ ನೀಲಗಿರಿಯ ತೋಪುಗಳೂ ಪ್ರಧಾನ ಕಾರಣಗಳಾಗಿರಬಹುದೆಂದೂ, ಹಳ್ಳಗಳ ಅಡ್ಡಗಟ್ಟೆಗಳ ಪಾತ್ರವು ಅವುಗಳಿಗಿಂತ ಕಡಿಮೆಯೆಂದೂ ಅದರ ನಿರ್ಣಯ.

ಇದರ ಕ್ರಮವು ಹೀಗೆ. ತೆರೆದ ಬಾವಿಗಳ ಕಾಲದಲ್ಲಿ ಅಂತರ್ಜಲವು ಹಳ್ಳದ ಪಾತ್ರಕ್ಕೆ ಸಮೀಪವಾಗಿದ್ದು, ಮಳೆ ನಿಂತ ಮೇಲೆಯೂ ಒಸರಾಗಿ ಹೊರಬಂದು ಹೊಳೆಯನ್ನು ಸಲಹುತ್ತಿತ್ತು. ಕೊಳವೆಬಾವಿಗಳು ಕಲ್ಲಿನ ಬಿರುಕುಗಳ ನೀರನ್ನು ನೂರಾರು ಅಡಿಗಳ ಆಳದಿಂದ ಎಳೆಯತೊಡಗಿದಾಗ ಜಲಮಟ್ಟವು ಪಾತ್ರಕ್ಕಿಂತ ಬಹಳ ಕೆಳಗಿಳಿಯಿತು. ಒಸರು ಬತ್ತಿತು, ಹಳ್ಳಕ್ಕೆ ಬಂದ ನೀರೂ ನೆಲದೊಳಗೆ ಇಂಗತೊಡಗಿತು. ರಾಗಿಯ ಪೈರು ಕೆಲವೇ ತಿಂಗಳು ಮೇಲ್ಮಣ್ಣಿನ ತೇವವನ್ನು ಉಂಡು ಕೊಯ್ಲಿಗೆ ಬರುವುದು. ನೀಲಗಿರಿಯಾದರೋ ಆಳದ ಬೇರುಗಳಿಂದ ವರ್ಷವಿಡೀ ಹೀರುವುದು. ಹೀಗೆ ಒಣಗಿದ ನೆಲವು ಮುಂದಿನ ಮಳೆಯ ಬಹುಭಾಗವನ್ನು ತಾನೇ ಕುಡಿದುಬಿಡುವುದು.

ಆದುದರಿಂದ ಕಾರಣನಿರ್ಣಯವು ಕೇವಲ ಶಾಸ್ತ್ರಚರ್ಚೆಯಲ್ಲ. ಪರಿಹಾರವು ಅದನ್ನೇ ಅವಲಂಬಿಸಿದೆ. ಮಳೆಯೇ ಕಾರಣವೆಂದಾದರೆ ಮನುಷ್ಯನಿಗೆ ಕಾಯುವುದಲ್ಲದೆ ಬೇರೆ ದಾರಿಯಿಲ್ಲ. ಅಡ್ಡಗಟ್ಟೆಗಳನ್ನು ಹೆಚ್ಚಿಸಿದರೆ ಮೇಲಿನ ಊರಿನ ಬಾವಿಗೆ ಉಪಕಾರವಾದೀತು, ಕೆಳಗಿನ ಜಲಾಶಯಕ್ಕಲ್ಲ. ೨೦೦೩ರಲ್ಲಿ ಜಲಾನಯನದ ರಕ್ಷಣೆಗಾಗಿ ಸರ್ಕಾರವು ಆಜ್ಞೆ ಹೊರಡಿಸಿತು. ೨೦೧೭ರಲ್ಲಿ ಹೊಸದಾಗಿ ನೀಲಗಿರಿಯನ್ನು ನೆಡುವುದನ್ನು ನಿಷೇಧಿಸಿತು. ಅಂತರ್ಜಲವನ್ನು ಎತ್ತುವುದಕ್ಕೆ ಮಿತಿಯಿಲ್ಲದಿದ್ದರೆ ಇವೆರಡೂ ಅರ್ಧಫಲವನ್ನೇ ಕೊಡುವುವು.

ವಾಯುಗುಣದ ವ್ಯತ್ಯಾಸವು ಉಪೇಕ್ಷಣೀಯವೆಂದು ಇದರಿಂದ ಭಾವಿಸಲಾಗದು. ಬಿಸಿಲೇರಿದಂತೆ ಆವಿಯಾಗುವ ನೀರು ಹೆಚ್ಚುವುದು. ಮಳೆಯು ಕೆಲವೇ ದಿನಗಳಲ್ಲಿ ರಭಸದಿಂದ ಸುರಿಯುವುದೂ ಅಧಿಕವಾಗುವುದು. ಅಂತಹ ಏರುಪೇರುಗಳನ್ನು ತಾಳುವ ನಿಕ್ಷೇಪವೇ ಅಂತರ್ಜಲ. ೧೯೭೪ರಿಂದ ಕಾವೇರಿಯ ನೀರನ್ನು ದೂರದಿಂದ ಎತ್ತಿ ತರುತ್ತಿರುವ ನಗರವು ತನ್ನ ಸಮೀಪದ ಈ ನಿಕ್ಷೇಪವನ್ನು ಕಳೆದುಕೊಳ್ಳುತ್ತಿರುವುದೇ ಅರ್ಕಾವತಿಯ ಕ್ಷೀಣತೆಯ ತಾತ್ಪರ್ಯವಾಗಿರುವುದು.