ದುಡಿ, ಪಿಟೀಲು ಮತ್ತು ಒಂದು ಕೂಗು

‘ಸೈಕೋ’ ಚಿತ್ರದ ಬಚ್ಚಲುಮನೆಯ ಕೊಲೆಯ ದೃಶ್ಯಕ್ಕೆ ಸಂಗೀತವೇ ಬೇಡ ಎಂದು ಆಲ್ಫ್ರೆಡ್ ಹಿಚ್‌ಕಾಕ್ ಹೇಳಿಬಿಟ್ಟಿದ್ದರು. ನೀರು ಸುರಿಯುವ ಸದ್ದು, ಹೆಂಗಸಿನ ಚೀತ್ಕಾರ, ಚಾಕುವಿನ ಇರಿತ ಇಷ್ಟೇ ಸಾಕು ಎಂಬುದು ಅವರ ಲೆಕ್ಕ. ಸಂಗೀತ ನಿರ್ದೇಶಕ ಬರ್ನಾರ್ಡ್ ಹರ್ಮನ್ ಆ ಮಾತು ಕೇಳಲಿಲ್ಲ. ತಾವಾಗಿಯೇ ಪಿಟೀಲುಗಳ ಒಂದು ತುಣುಕು ರಚಿಸಿ, ದೃಶ್ಯದ ಜೊತೆಗಿಟ್ಟು ಕೇಳಿಸಿದರು. ಹಿಚ್‌ಕಾಕ್ ಮನಸ್ಸು ಬದಲಿಸಿದರು. 1960ರಲ್ಲಿ ಚಿತ್ರ ತೆರೆಕಂಡಾಗ ಜನ ಬೆಚ್ಚಿಬಿದ್ದದ್ದು ಆ ಪಿಟೀಲುಗಳಿಗೆ.

ಆ ದೃಶ್ಯದಲ್ಲಿ ಚಾಕು ಮೈಗೆ ನಾಟುವುದು ಸರಿಯಾಗಿ ಕಾಣುವುದೇ ಇಲ್ಲ. ಪರದೆ ಸರಿಯುತ್ತದೆ, ಕೈ ಮೇಲೇಳುತ್ತದೆ, ನೀರು ಸುರಿಯುತ್ತದೆ. ಉಳಿದದ್ದನ್ನೆಲ್ಲ ಕಿವಿ ತುಂಬಿಕೊಡುತ್ತದೆ. ಹರ್ಮನ್ ಇಡೀ ಚಿತ್ರಕ್ಕೆ ತಂತಿವಾದ್ಯಗಳನ್ನಷ್ಟೇ ಬಳಸಿದ್ದರು. ಡ್ರಮ್ ಇಲ್ಲ, ಕಹಳೆ ಇಲ್ಲ. ಪಿಟೀಲಿನ ಮೇಲಿನ ಸ್ಥಾಯಿಯಲ್ಲಿ ಕಮಾನನ್ನು ಒರಟಾಗಿ ಎಳೆದೆಳೆದು ಹುಟ್ಟಿಸಿದ ಆ ಕೀರಲು, ಭಯಬಿದ್ದ ಪ್ರಾಣಿಯ ಅರಚಾಟಕ್ಕೆ ತೀರ ಹತ್ತಿರ. ಅಂಥ ಸದ್ದಿಗೆ ಮೈ ಬಿಗಿಯಾಗಲು ಯಾರೂ ಸಂಗೀತ ಕಲಿತಿರಬೇಕಿಲ್ಲ. ಇನ್ನು ಇರಿತದ ಸದ್ದು? ಅದನ್ನು ಕರಬೂಜದ ಹಣ್ಣಿಗೆ ಚಾಕು ಚುಚ್ಚಿ ಮುದ್ರಿಸಿಕೊಂಡರು.

ಮೂರು ವರ್ಷದ ಬಳಿಕ ಅದೇ ಹಿಚ್‌ಕಾಕ್ ‘ದಿ ಬರ್ಡ್ಸ್’ ಚಿತ್ರದಲ್ಲಿ ಹಿನ್ನೆಲೆ ಸಂಗೀತವನ್ನೇ ಕೈಬಿಟ್ಟರು. ರೆಕ್ಕೆಯ ಬಡಿತ, ಹಕ್ಕಿಗಳ ಕಿರುಚಾಟ, ಅದರಲ್ಲೂ ಬಹುಪಾಲು ಎಲೆಕ್ಟ್ರಾನಿಕ್ ವಾದ್ಯದಿಂದ ತೆಗೆದದ್ದು, ಅಷ್ಟರಲ್ಲೇ ಚಿತ್ರ ಮುಗಿಯಿತು. ಆ ಶಬ್ದಗಳಿಗೆ ಸಲಹೆಗಾರರಾಗಿದ್ದವರೂ ಹರ್ಮನ್ ಅವರೇ.

ದೃಶ್ಯಗಳಿಗೆ ಹಿನ್ನೆಲೆ ಸಂಗೀತ ಕೂಡಿಸುವ ಕೆಲಸಕ್ಕೆ ದಕ್ಷಿಣ ಭಾರತದ ಚಿತ್ರರಂಗದಲ್ಲಿ ರೀರೆಕಾರ್ಡಿಂಗ್ ಎನ್ನುತ್ತಾರೆ. ಸಂಕಲನ ಮುಗಿದ ಚಿತ್ರವನ್ನು ಸಂಗೀತ ನಿರ್ದೇಶಕರು ಮತ್ತೆ ಮತ್ತೆ ನೋಡಿ, ಎಲ್ಲಿ ಸಂಗೀತ ಶುರುವಾಗಬೇಕು, ಎಲ್ಲಿ ನಿಲ್ಲಬೇಕು ಎಂದು ತೀರ್ಮಾನಿಸುತ್ತಾರೆ. ಮುದುಕನೊಬ್ಬ ಕೈಚೀಲ ಹಿಡಿದು ಬಸ್ಸಿನಿಂದ ಇಳಿದು ಖಾಲಿ ರಸ್ತೆಯಲ್ಲಿ ನಡೆಯುವ ದೃಶ್ಯ ಇದೆಯೆನ್ನಿ. ಕೊಳಲು ಕೇಳಿಸಿದರೆ ಆತ ಮೊಮ್ಮಗುವನ್ನು ನೋಡಲು ಹೊರಟವನು. ಚೆಲ್ಲೋದ ತಗ್ಗುದನಿ ಕೇಳಿಸಿದರೆ ಊರಿನಲ್ಲಿ ಏನೋ ಕೆಟ್ಟದ್ದು ಕಾದಿದೆ. ನಟನೆ ಒಂದೇ, ಬೆಳಕು ಒಂದೇ. ಅರ್ಥ ಹೇಳಿದ್ದು ವಾದ್ಯ.

ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ (1955) ಇದಕ್ಕಿಂತ ಕಷ್ಟದ ದಾರಿ ಹಿಡಿಯಿತು. ಮಗಳು ದುರ್ಗಾ ತೀರಿಕೊಂಡದ್ದು ತಿಳಿಯದೆ ಹರಿಹರ ಊರಿಗೆ ಮರಳುತ್ತಾನೆ. ತಂದ ಸಾಮಾನುಗಳನ್ನು ಒಂದೊಂದಾಗಿ ಹೆಂಡತಿ ಸರ್ಬಜಯಳಿಗೆ ತೋರಿಸುತ್ತಾನೆ. ಲಕ್ಷ್ಮಿಯ ಪಟ ಬರುತ್ತದೆ. ಆಮೇಲೆ ದುರ್ಗಾಳಿಗೆಂದು ತಂದ ಸೀರೆ. ಅಷ್ಟು ಹೊತ್ತೂ ಕಲ್ಲಾಗಿದ್ದ ಸರ್ಬಜಯ ಆ ಸೀರೆಯನ್ನು ಬಾಯಿಗೊತ್ತಿಕೊಂಡು ಕುಸಿಯುತ್ತಾಳೆ. ಬಾಯಿ ತೆರೆದಿದೆ, ಅಳು ಮಾತ್ರ ಕೇಳಿಸುವುದಿಲ್ಲ. ಅದರ ಜಾಗದಲ್ಲಿ ತಾರ್ ಶಹನಾಯಿ ಏರುದನಿಯಲ್ಲಿ ಪಟದೀಪ್ ರಾಗ ನುಡಿಸುತ್ತದೆ. ತಾರ್ ಶಹನಾಯಿ ಎಂದರೆ ಎಸ್ರಾಜಿಗೆ ಲೋಹದ ಕೊಳವೆ ಜೋಡಿಸಿದ, ಕಮಾನಿನಿಂದ ನುಡಿಸುವ ವಾದ್ಯ. ಸಂಗೀತ ಪಂಡಿತ್ ರವಿಶಂಕರ್ ಅವರದು. ನಟಿಯ ನಿಜವಾದ ಅಳುವನ್ನೇ ಉಳಿಸಿದ್ದರೆ ಅದು ಆ ಒಬ್ಬ ತಾಯಿಯ ಅಳು ಮಾತ್ರವಾಗಿರುತ್ತಿತ್ತು. ಆ ಒಂದು ನಿಮಿಷಕ್ಕೆ ಸರಿಸಾಟಿಯಾದ ದೃಶ್ಯ ಭಾರತೀಯ ಚಿತ್ರಗಳಲ್ಲಿ ಬಹಳವಿಲ್ಲ.

ಕನ್ನಡದಲ್ಲಿ ಈ ಎತ್ತರ ಮುಟ್ಟಿದವರು ಬಿ.ವಿ. ಕಾರಂತರು. ಗುಬ್ಬಿ ನಾಟಕ ಕಂಪನಿಯಲ್ಲಿ ಬೆಳೆದ ರಂಗದ ಕಿವಿ ಅವರದು. ಶಿವರಾಮ ಕಾರಂತರ ಕಾದಂಬರಿಯನ್ನು 1975ರಲ್ಲಿ ಅವರು ‘ಚೋಮನ ದುಡಿ’ಯಾಗಿ ತೆರೆಗೆ ತಂದರು. ಸ್ವಂತ ಬೇಸಾಯ ಮಾಡಬೇಕೆಂಬ ಚೋಮನ ಆಸೆಗೆ ಜಾತಿ ಅಡ್ಡ ನಿಲ್ಲುತ್ತದೆ. ಅವನಿಗೆ ಮಾತು ಕಡಿಮೆ. ಸಿಟ್ಟು ಬಂದರೂ ದುಃಖ ಬಂದರೂ ಕೈ ಹೋಗುವುದು ದುಡಿ ಎಂಬ ಚರ್ಮವಾದ್ಯದ ಮೇಲೆ. ಹೀಗಾಗಿ ದುಡಿ ಆ ಚಿತ್ರಕ್ಕೆ ಹಿನ್ನೆಲೆ ಸಂಗೀತವಲ್ಲ, ಚೋಮನ ಸಂಭಾಷಣೆ. ಕೊನೆಗೆ ದುಡಿ ಬಾರಿಸುತ್ತಲೇ ಅವನು ಜೀವ ಬಿಡುತ್ತಾನೆ. ಚೋಮನಾಗಿ ನಟಿಸಿದ ಎಂ.ವಿ. ವಾಸುದೇವ ರಾವ್ ಅವರಿಗೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ, ಚಿತ್ರಕ್ಕೆ ಸ್ವರ್ಣಕಮಲ ಬಂತು. ಮುಂದೆ ‘ಋಷ್ಯಶೃಂಗ’ ಮತ್ತು ‘ಘಟಶ್ರಾದ್ಧ’ಗಳ ಸಂಗೀತಕ್ಕಾಗಿ ಬಿ.ವಿ. ಕಾರಂತರಿಗೆ ಸತತ ಎರಡು ವರ್ಷ ರಾಷ್ಟ್ರಪ್ರಶಸ್ತಿ ದೊರೆಯಿತು.

‘ಕಾಂತಾರ’ (2022) ಚೋಮನ ಕಥೆ ನಡೆಯುವ ಕರಾವಳಿಯದೇ ಇನ್ನೊಂದು ಸದ್ದನ್ನು ಊರೂರಿಗೆ ಒಯ್ದಿತು. ಬಿ. ಅಜನೀಶ್ ಲೋಕನಾಥ್ ಅವರ ಸಂಗೀತ ಚೆನ್ನಾಗಿದೆ, ನಿಜ. ಆದರೂ ಜನರ ಮೈ ಜುಮ್ಮೆನಿಸಿದ್ದು ದೈವನರ್ತಕನ ಕಾಲಿನ ಗಗ್ಗರದ ಸದ್ದು ಮತ್ತು ದೈವದ ಆ ‘ಓ’ ಎಂಬ ಕೂಗು. ಅದನ್ನು ಎಲ್ಲೆಂದರಲ್ಲಿ ಅನುಕರಿಸಬೇಡಿ ಎಂದು ಚಿತ್ರತಂಡವೇ ಕೋರಬೇಕಾಯಿತು, ಅಷ್ಟು ಆಳಕ್ಕೆ ಇಳಿದಿತ್ತು ಅದು.

ಇಷ್ಟೆಲ್ಲ ಇದ್ದೂ ಇವತ್ತಿನ ಅನೇಕ ಚಿತ್ರಗಳಲ್ಲಿ ಹಿನ್ನೆಲೆ ಸಂಗೀತ ಎಂದರೆ ಎಡೆಬಿಡದ ಅಬ್ಬರ. ನಾಯಕ ಕಾರಿನಿಂದ ಇಳಿದರೂ ಡ್ರಮ್, ತಾಯಿ ಕಣ್ಣೀರು ಒರೆಸಿಕೊಂಡರೂ ಡ್ರಮ್. ಮಾತೇ ಕೇಳಿಸುವುದಿಲ್ಲ ಎಂದು ಪ್ರೇಕ್ಷಕರು ದೂರುವುದರಲ್ಲಿ ತಪ್ಪಿಲ್ಲ. ಬಿಡುಗಡೆಯ ದಿನ ಮೊದಲೇ ಗೊತ್ತುಮಾಡಿ, ಚಿತ್ರೀಕರಣ ಮುಗಿದು ಉಳಿದ ಅಷ್ಟಿಷ್ಟು ದಿನದಲ್ಲಿ ರೀರೆಕಾರ್ಡಿಂಗ್ ಮುಗಿಸಿ ಎಂದರೆ ಯಾರ ಕೈಯಲ್ಲೂ ಇದಕ್ಕಿಂತ ಒಳ್ಳೆಯದು ಆಗದು. ನಿರ್ಮಾಪಕರು ಆ ಕೆಲಸಕ್ಕೆ ಸಮಯ ಕೊಡಲಿ. ನಿರ್ದೇಶಕರು ಚಿತ್ರಕಥೆ ಬರೆಯುವ ಹೊತ್ತಿಗೇ ಸಂಗೀತ ನಿರ್ದೇಶಕರನ್ನೂ ಶಬ್ದ ವಿನ್ಯಾಸಕರನ್ನೂ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಲಿ.